ಪೋಷಕ ಆಟಗಾರನ ಸಂಬಳ: ಅತಿಯೋ, ಮಿತಿಯೋ?

ಇನ್ನೊಬ್ಬನಿಗೆ ಸಲ್ಲುತ್ತಿರುವ ಸಂಬಳವು ಅವನ ಯೋಗ್ಯತೆಗೆ ಮೀರಿದ್ದೆಂದು ತೀರ್ಪು ಕೊಡುವುದಕ್ಕೆ ಯಾವ ಪದವಿಯೂ ಬೇಕಿಲ್ಲ, ಯಾವ ಲೆಕ್ಕಪತ್ರದ ಪರಿಶೀಲನೆಯೂ ಬೇಕಿಲ್ಲ. ಕಚೇರಿಯ ಊಟದ ಮೇಜಿನಲ್ಲಿ, ಲೋಕಲ್ ರೈಲಿನ ಡಬ್ಬಿಯಲ್ಲಿ, ಮದುವೆಯ ಪಂಕ್ತಿಯಲ್ಲಿ ಇಂಥ ತೀರ್ಪುಗಳು ದಿನಂಪ್ರತಿ ಹೊರಬೀಳುತ್ತಲೇ ಇರುತ್ತವೆ. ತನಗೆ ಸಲ್ಲುವುದು ಕಡಿಮೆ, ಪಕ್ಕದವನಿಗೆ ಸಲ್ಲುವುದು ಹೆಚ್ಚು ಎಂಬುದು ಮನುಷ್ಯಸ್ವಭಾವದ ಸ್ಥಿರಠೇವಣಿ ಇದ್ದಂತೆ. ವರ್ಷ ಕಳೆದಂತೆ ಬಡ್ಡಿ ಕೂಡುತ್ತದೆಯೇ ಹೊರತು ಕರಗುವುದಿಲ್ಲ. ಈ ಸಂಚಿಕೆಯಲ್ಲಿ ವೈದ್ಯಮಹನೀಯರು ದೇಹಾರೋಗ್ಯದ ವಿಷಯವಾಗಿ ಬರೆಯುವಾಗ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಅಂಕಿಗಳ ನಡುವೆ ಕಾಲ ಕಳೆಯುತ್ತಿರುವ ನಾನು ವಿವೇಚನೆಯ ಆರೋಗ್ಯದ ಬಗ್ಗೆ ನಾಲ್ಕು ಮಾತು ಬರೆದರೆ ಅಪ್ರಸ್ತುತವಾಗಲಾರದೆಂದು ಭಾವಿಸುತ್ತೇನೆ.

ಇದಕ್ಕೆ ನಾನು ಆರಿಸಿಕೊಂಡಿರುವ ನಿದರ್ಶನ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕ್ಷೇತ್ರದ್ದು. ದೂರದ ವಿಷಯವೆಂದು ವಾಚಕರು ಹುಬ್ಬೇರಿಸಬಾರದು. ಎನ್‌ಬಿಎ ಎಂಬ ಆ ಸಂಸ್ಥೆಯ ಎರಡು ತಂಡಗಳು, ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನಾ ಪೇಸರ್ಸ್, 2019 ರ ಅಕ್ಟೋಬರ್ 4 ಮತ್ತು 5 ರಂದು ನಮ್ಮ ಮುಂಬಯಿಯ ವರ್ಲಿಯಲ್ಲೇ ಆಡಿ ಹೋಗಿವೆ. ಮಹಾನಗರಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಬೆಳಗಿನ ಕಾಫಿಯ ಹೊತ್ತಿಗೆ ಫೋನಿನ ಪರದೆಯಲ್ಲಿ ಆ ಪಂದ್ಯಗಳನ್ನು ನೋಡುತ್ತಾರೆ. ಯಾವ ಆಟಗಾರನಿಗೆ ಎಷ್ಟು ಕೋಟಿ ಡಾಲರ್ ಎಂಬುದು ಅವರಿಗೆ ಬಾಯಿಪಾಠ. ‘ಅವನಿಗೆ ಅಷ್ಟು ಕೊಟ್ಟದ್ದು ದಂಡ’ ಎಂಬ ಮಾತೂ ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆ ಮಾತು ಸರಿಯೇ, ತಪ್ಪೇ ಎಂದು ಕಂಡುಕೊಳ್ಳುವ ಬಗೆ ಯಾವುದು? ಪ್ರಸ್ತುತ ಲೇಖನದ ವಿಷಯ ಇಷ್ಟೇ.

ಪೋಷಕ ಆಟಗಾರನೆಂದರೆ ಯಾರು?

ಚಲನಚಿತ್ರದಲ್ಲಿ ನಾಯಕನಟನಿರುವಂತೆ ಪೋಷಕ ನಟನೂ ಇರುತ್ತಾನೆ. ನಮ್ಮ ಬಾಲಕೃಷ್ಣ, ನರಸಿಂಹರಾಜು ಅವರಿಲ್ಲದ ಹಳೆಯ ಕನ್ನಡ ಚಿತ್ರಗಳನ್ನು ಊಹಿಸಿಕೊಳ್ಳುವುದು ಕಷ್ಟ; ಆದರೆ ಭಿತ್ತಿಪತ್ರದಲ್ಲಿ ದೊಡ್ಡದಾಗಿ ಕಾಣುತ್ತಿದ್ದ ಮುಖ ಬೇರೆಯೇ. ಯಕ್ಷಗಾನದ ಮೇಳದಲ್ಲಿ ಮದ್ದಳೆಯವನು ಇಡೀ ರಾತ್ರಿ ಒಂದು ಮಾತನ್ನೂ ಆಡುವುದಿಲ್ಲ. ಅವನ ಪೆಟ್ಟು ತಪ್ಪಿದ ದಿನ ಮಾತ್ರ ವೇಷಧಾರಿಯ ಹೆಜ್ಜೆಯೂ ತಪ್ಪುತ್ತದೆ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿಯೂ ಇದೇ ವ್ಯವಸ್ಥೆ. ಚೆಂಡು ಬಹುಪಾಲು ಸಮಯ ಇಬ್ಬರು ಮೂವರು ಪ್ರಮುಖರ ಕೈಯಲ್ಲಿರುತ್ತದೆ. ಉಳಿದವರಲ್ಲಿ ಒಬ್ಬ ಎದುರಾಳಿಯನ್ನು ತಡೆಯುವುದರಲ್ಲಿ, ಇನ್ನೊಬ್ಬ ಪುಟಿದು ಬಂದ ಚೆಂಡನ್ನು ಹಿಡಿಯುವುದರಲ್ಲಿ, ಮತ್ತೊಬ್ಬ ದೂರದಿಂದ ಗುರಿಯಿಟ್ಟು ಎಸೆಯುವುದರಲ್ಲಿ, ಹೀಗೆ ಒಂದೊಂದು ಕೆಲಸದಲ್ಲಿ ನುರಿತವರು.

ಒಂದು ಪಂದ್ಯದ ಅವಧಿ 48 ನಿಮಿಷ. ಒಂದು ಕಡೆಯಿಂದ ಏಕಕಾಲಕ್ಕೆ 5 ಮಂದಿ ಕಣದಲ್ಲಿರುತ್ತಾರೆ. ಅಂದರೆ ತಂಡವೊಂದು ತುಂಬಬೇಕಾದ ಆಟದ ಸಮಯ 240 ನಿಮಿಷ. ಇಬ್ಬರು ನಾಯಕಮಣಿಗಳು ತಲಾ 36 ನಿಮಿಷ ಆಡಿದರೂ ಅವರದು 72 ನಿಮಿಷವಾಯಿತು. ಉಳಿದ 168 ನಿಮಿಷ, ಎಂದರೆ ನೂರಕ್ಕೆ 70 ಪಾಲು, ಇತರರದು. ಹೆಸರಿಲ್ಲದವರು ಆಡುವ ಈ 70 ಪಾಲಿಗೆ ಬೆಲೆ ಕಟ್ಟುವುದು ಹೇಗೆಂಬುದೇ ಪ್ರಶ್ನೆ.

ಡಂಕನ್ ರಾಬಿನ್‌ಸನ್ ಎಂಬಾತನ ಲೆಕ್ಕ

ಮಯಾಮಿ ಹೀಟ್ ತಂಡದಲ್ಲಿದ್ದ ಡಂಕನ್ ರಾಬಿನ್‌ಸನ್ ಇದಕ್ಕೆ ತಕ್ಕ ಉದಾಹರಣೆ. ವಿಲಿಯಮ್ಸ್ ಕಾಲೇಜೆಂಬ ಚಿಕ್ಕ ಸಂಸ್ಥೆಯಲ್ಲಿ, ಮೂರನೆಯ ದರ್ಜೆಯ ಸ್ಪರ್ಧೆಗಳಲ್ಲಿ ಆಡಿ, ಅನಂತರ ಮಿಷಿಗನ್ ವಿಶ್ವವಿದ್ಯಾಲಯ ಸೇರಿದ ಆತನನ್ನು 2018 ರಲ್ಲಿ ತಂಡಗಳು ಹೊಸ ಆಟಗಾರರನ್ನು ಆಯುವಾಗ ಒಬ್ಬರೂ ಆರಿಸಲಿಲ್ಲ. 30 ತಂಡಗಳ ಕಣ್ಣಿಗೂ ಬೀಳದೆ ಉಳಿದವನನ್ನು ಮಯಾಮಿ ಸಣ್ಣ ಕರಾರಿನ ಮೇಲೆ ತೆಗೆದುಕೊಂಡಿತು. 2019-20 ರ ಋತುವಿನಲ್ಲಿ ಆತ 606 ದೂರದ ಎಸೆತಗಳಲ್ಲಿ 270 ನ್ನು ಬುಟ್ಟಿಗೆ ಸೇರಿಸಿದ, ನೂರಕ್ಕೆ 44.6 ರ ಪ್ರಮಾಣದಲ್ಲಿ. ಆ ವರ್ಷ ತಂಡ ಅಂತಿಮ ಸರಣಿಯನ್ನು ತಲುಪಿತು. ಆಗ ಆತನಿಗೆ ಸಂದ ವಾರ್ಷಿಕ ಸಂಬಳ ಸುಮಾರು 14 ಲಕ್ಷ ಡಾಲರ್. ಮರುವರ್ಷ ಸುಮಾರು 17 ಲಕ್ಷ.

2021 ರ ಆಗಸ್ಟಿನಲ್ಲಿ ಅದೇ ತಂಡ 5 ವರ್ಷಗಳಿಗೆ 9 ಕೋಟಿ ಡಾಲರಿನ ಕರಾರಿಗೆ ರುಜು ಹಾಕಿತು. ಡಾಲರಿಗೆ ಅಂದಿದ್ದ ಸುಮಾರು 74 ರೂಪಾಯಿಯಂತೆ ನಮ್ಮ ಹಣದಲ್ಲಿ 660 ಕೋಟಿಗೂ ಮಿಕ್ಕಿತು. ಯಾರೂ ಆರಿಸದೆ ಬಿಟ್ಟಿದ್ದ ಆಟಗಾರನೊಬ್ಬನಿಗೆ ಅಷ್ಟು ದೊಡ್ಡ ಕರಾರು ಅದುವರೆಗೆ ದೊರೆತಿರಲಿಲ್ಲ. ಮುಂದಿನ ಎರಡು ವರ್ಷ ಆತನ ಎಸೆತದ ಪ್ರಮಾಣ ಇಳಿಯುತ್ತ ಹೋಯಿತು: 2021-22 ರಲ್ಲಿ 37.2, 2022-23 ರಲ್ಲಿ 32.8. ಆರಂಭದ ಐವರಲ್ಲಿದ್ದ ಸ್ಥಾನ ಹೋಯಿತು. ‘ಮಿತಿಮೀರಿ ಸಂಬಳ ಪಡೆಯುವವನು’ ಎಂಬ ಮುದ್ರೆ ಹಣೆಗೆ ಬಿತ್ತು. ಈ ಮುದ್ರೆ ನ್ಯಾಯವೇ?

ಮೊದಲ ಆಕ್ಷೇಪ: ಶಿಕ್ಷಕನಿಗೆ ಅಷ್ಟಿಲ್ಲವಲ್ಲ!

ಚೆಂಡು ಎಸೆಯುವವನಿಗೆ ಕೋಟಿಗಟ್ಟಲೆ, ಅಕ್ಷರ ಕಲಿಸುವವನಿಗೆ ಬಿಡಿಗಾಸು. ಇದು ಅನ್ಯಾಯವಲ್ಲವೆ ಎಂದು ಹಿರಿಯರು ಕೇಳುತ್ತಾರೆ. ಕಳಕಳಿಯ ಪ್ರಶ್ನೆಯೇ. ಆದರೆ ಆ ಹಣ ಎಲ್ಲಿಂದ ಬಂದಿತು, ಬೇಡವೆಂದರೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡದೆ ಉತ್ತರ ಹೇಳಲಾಗದು. ಎನ್‌ಬಿಎಯ ಮಾಲೀಕರಿಗೂ ಆಟಗಾರರ ಸಂಘಕ್ಕೂ ಲಿಖಿತ ಒಪ್ಪಂದವಿದೆ. ಅದರಂತೆ 2011 ರಿಂದೀಚೆಗೆ ಆಟದಿಂದ ಬರುವ ಆದಾಯದಲ್ಲಿ ನೂರಕ್ಕೆ 49 ರಿಂದ 51 ರವರೆಗಿನ ಪಾಲು ಆಟಗಾರರೆಲ್ಲರಿಗೆ ಸೇರಿ ಸಲ್ಲತಕ್ಕದ್ದು. ಈ ಪಾಲು ಹೆಚ್ಚುಕಡಿಮೆಯಾಗದಿರಲೆಂದು ಪ್ರತಿಯೊಬ್ಬನ ಸಂಬಳದಲ್ಲಿ ನೂರಕ್ಕೆ 10 ರಷ್ಟನ್ನು ತಡೆದಿಟ್ಟು, ವರ್ಷಾಂತ್ಯದಲ್ಲಿ ಲೆಕ್ಕ ಸರಿಹೊಂದಿಸುವ ಪದ್ಧತಿಯೂ ಇದೆ. ನಮ್ಮಲ್ಲಿ ಮೂಲದಲ್ಲೇ ಆದಾಯ ತೆರಿಗೆ ಹಿಡಿದು ಅನಂತರ ಚುಕ್ತಾ ಮಾಡುವಂತೆಯೇ ಇದು.

ಹೀಗಿರುವಾಗ ರಾಬಿನ್‌ಸನ್ ತನ್ನ ಸಂಬಳದಲ್ಲಿ ಅರ್ಧವನ್ನು ಬಿಟ್ಟುಕೊಟ್ಟರೂ ಅದರಲ್ಲಿ ಒಂದು ಕಾಸೂ ಶಾಲೆಯ ಬಾಗಿಲಿಗೆ ಹೋಗುವುದಿಲ್ಲ, ಟಿಕೆಟ್ಟಿನ ದರವೂ ಇಳಿಯುವುದಿಲ್ಲ. ಅದು ಬಹುಮಟ್ಟಿಗೆ ಇತರ ಆಟಗಾರರ ಪಾಲಾಗುತ್ತದೆ. ಆದುದರಿಂದ ಶಿಕ್ಷಕನ ಸಂಬಳ ಹೆಚ್ಚಬೇಕೆಂಬ ವಾದವನ್ನು ಸರಕಾರದ ಮುಂದೆ ಮಂಡಿಸಬೇಕೇ ಹೊರತು ಆಟಗಾರನ ಮುಂದಲ್ಲ. ಕ್ರೀಡಾಂಗಣದ ಒಳಗಿನ ಪ್ರಶ್ನೆ ಬೇರೆ: ಇದ್ದ ಒಂದು ರೊಟ್ಟಿಯನ್ನು ಹಂಚುವಾಗ ಈತನಿಗೆ ಸಂದ ತುಂಡು ಅವನ ದುಡಿಮೆಗೆ ತಕ್ಕದ್ದೆ?

ಡಾಲರನ್ನಲ್ಲ, ಪಾಲನ್ನು ನೋಡಬೇಕು

ಇಲ್ಲಿ ಬಹುಮಂದಿ ದಾರಿ ತಪ್ಪುತ್ತಾರೆ. ಎನ್‌ಬಿಎಯಲ್ಲಿ ಪ್ರತಿ ತಂಡವೂ ಸಂಬಳಕ್ಕೆ ವೆಚ್ಚಮಾಡುವ ಮೊತ್ತಕ್ಕೆ ಒಂದು ಮಿತಿಯಿದೆ. ಆ ಮಿತಿ ಜಾರಿಗೆ ಬಂದ 1984-85 ರಲ್ಲಿ ಅದು 36 ಲಕ್ಷ ಡಾಲರ್ ಆಗಿತ್ತು. 2015-16 ರಲ್ಲಿ 7 ಕೋಟಿ. 2025-26 ರ ಋತುವಿಗೆ 15 ಕೋಟಿ 46 ಲಕ್ಷಕ್ಕೂ ಹೆಚ್ಚು. ಮಿತಿ ಹೀಗೆ ಏರುತ್ತಿರುವಾಗ ಹಳೆಯ ಡಾಲರನ್ನೂ ಹೊಸ ಡಾಲರನ್ನೂ ಪಕ್ಕದಲ್ಲಿಟ್ಟು ಹೋಲಿಸುವುದು, ತಾತನ ಕಾಲದ ಸೇರಕ್ಕಿಯ ಬೆಲೆಯನ್ನು ಇಂದಿನ ಬೆಲೆಯೊಡನೆ ಹೋಲಿಸಿ ನಿಟ್ಟುಸಿರುಬಿಟ್ಟಂತೆ.

ರಾಬಿನ್‌ಸನ್ ಸಂಬಳ ಮೊದಲ ವರ್ಷ 1 ಕೋಟಿ 56.5 ಲಕ್ಷ ಡಾಲರ್, ನಾಲ್ಕನೆಯ ವರ್ಷ 1 ಕೋಟಿ 94 ಲಕ್ಷ. ನೋಡಿದವನು, ಆಟ ಇಳಿಯಿತು, ಸಂಬಳ ಏರಿತು ಎನ್ನುತ್ತಾನೆ. ಆದರೆ ಸಂಬಳದ ಮಿತಿಯಲ್ಲಿ ಅದರ ಪಾಲೆಷ್ಟು? 2021-22 ರಲ್ಲಿ ಮಿತಿ 11 ಕೋಟಿ 24 ಲಕ್ಷ. ಪಾಲು ನೂರಕ್ಕೆ 13.9. 2024-25 ರಲ್ಲಿ ಮಿತಿ 14 ಕೋಟಿ 6 ಲಕ್ಷ; ಪಾಲು 13.8. ನಡುವಿನ ಎರಡು ವರ್ಷ ಇದಕ್ಕಿಂತ ತುಸು ಕಡಿಮೆಯೇ. ನಾಲ್ಕು ವರ್ಷವೂ ತಂಡದ ಹೆಗಲ ಮೇಲಿನ ಹೊರೆ ಒಂದೇ ಆಗಿತ್ತು. ತಂಡವೊಂದರಲ್ಲಿ ಸಾಮಾನ್ಯವಾಗಿ 15 ಮಂದಿ. ಸಮಪಾಲಾದರೆ ತಲೆಗೆ ನೂರಕ್ಕೆ 6.7. ಈತನದು ಅದರ ಇಮ್ಮಡಿ. ಆದಕಾರಣ ಒಬ್ಬ ಸಾಧಾರಣ ಸದಸ್ಯನ ಎರಡರಷ್ಟು ಕೆಲಸ ಈತನಿಂದ ಆಗಬೇಕೆಂದು ನಿರೀಕ್ಷಿಸುವುದು ನ್ಯಾಯ. ಅದಕ್ಕಿಂತ ಹೆಚ್ಚಿನದನ್ನು, ನಾಯಕನ ಪರಾಕ್ರಮವನ್ನು, ನಿರೀಕ್ಷಿಸುವುದು ನ್ಯಾಯವಲ್ಲ. ಹತ್ತು ವರ್ಷ ಸೇವೆ ಮುಗಿಸಿದ ಶ್ರೇಷ್ಠ ಆಟಗಾರನಿಗೆ ಮಿತಿಯ ನೂರಕ್ಕೆ 35 ರವರೆಗೆ ಕೊಡಬಹುದೆಂದು ನಿಯಮವಿದೆಯೆಂಬುದನ್ನು ನೆನೆದರೆ ಈ 14 ಪಾಲಿನ ಸ್ಥಾನ ಎಲ್ಲಿಯದೆಂಬುದು ಸ್ಪಷ್ಟವಾಗುತ್ತದೆ.

ಕಣ್ಣಿಗೆ ಬೀಳದ ಕೆಲಸ

ಇನ್ನು ಕೆಲಸದ ಮೌಲ್ಯ. ಅರ್ಧವೃತ್ತದ ಗೆರೆಯಾಚೆ, ಎದುರಿನಿಂದಾದರೆ 23 ಅಡಿ 9 ಅಂಗುಲ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿದ್ದರೆ 3 ಅಂಕ, ಗೆರೆಯೊಳಗಿನಿಂದ 2. ನೂರು ಎಸೆತಗಳಲ್ಲಿ 40 ಬಿದ್ದರೆ ದೂರದವನಿಗೆ 120 ಅಂಕ. ಒಳಗಿನವನು ನೂರರಲ್ಲಿ 50 ಹಾಕಿದರೂ 100 ಮಾತ್ರ. 2019-20 ರಲ್ಲಿ ರಾಬಿನ್‌ಸನ್ ಎಸೆದ 606 ಚೆಂಡುಗಳನ್ನು ನೂರಕ್ಕೆ ಸುಮಾರು 36 ರ ಸಾಮಾನ್ಯ ಪ್ರಮಾಣದವನೊಬ್ಬ ಎಸೆದಿದ್ದರೆ ಸುಮಾರು 218 ಬೀಳುತ್ತಿದ್ದವು. ವ್ಯತ್ಯಾಸ 52 ಎಸೆತ, 156 ಅಂಕ. ಕೋವಿಡ್ ನಿಮಿತ್ತ ಮೊಟಕುಗೊಂಡ ಆ ಋತುವಿನಲ್ಲಿ ತಂಡ ಆಡಿದ್ದು 73 ಪಂದ್ಯ. ಪಂದ್ಯಕ್ಕೆ 2 ಅಂಕಕ್ಕೂ ಮಿಕ್ಕಿತು. ಎರಡು ಅಂಕವೇನು ಮಹಾ ಎನ್ನಬಾರದು. ಸರಾಸರಿ ಅಂತರದಲ್ಲಿ ಒಂದು ಅಂಕ ಹೆಚ್ಚಿದರೆ 82 ಪಂದ್ಯಗಳ ಋತುವಿನಲ್ಲಿ ಸುಮಾರು ಎರಡು ಮೂರು ಗೆಲುವು ಹೆಚ್ಚುತ್ತದೆಂಬುದು ಆ ಕ್ಷೇತ್ರದ ಬಲ್ಲವರ ಲೆಕ್ಕ.

ಇದಲ್ಲದೆ, ಬರೆಯದ ಲೆಕ್ಕವೊಂದಿದೆ. ಇಂಥ ಗುರಿಕಾರನನ್ನು ಎದುರಾಳಿ ಒಂದು ಕ್ಷಣವೂ ಬಿಟ್ಟಿರಲಾರ. ಅವನನ್ನು ಕಾಯಲು ಒಬ್ಬ ಸದಾ ಹೊರಗೆ ನಿಂತಾಗ ಒಳಗೆ ಜಾಗ ಬಿಡುವಾಗುತ್ತದೆ. ಆ ಜಾಗದಲ್ಲಿ ನುಗ್ಗಿ ಜಿಮ್ಮಿ ಬಟ್ಲರ್, ಬಾಮ್ ಅಡೆಬಾಯೊ ಅಂಕ ಗಳಿಸಿದರೆ ಅದು ಅವರ ಹೆಸರಿಗೇ ಜಮೆಯಾಗುತ್ತದೆ. ದಾರಿ ತೆರೆದವನ ಖಾತೆಗೆ ಸೊನ್ನೆ. ಶೇನ್ ಬ್ಯಾಟಿಯರ್ ಎಂಬ ರಕ್ಷಣಾನಿಪುಣನ ಬಗ್ಗೆ ಮೈಕೆಲ್ ಲೂಯಿಸ್ 2009 ರಲ್ಲಿ ನ್ಯೂಯಾರ್ಕ್ ಟೈಮ್ಸ್ ನಿಯತಕಾಲಿಕೆಯಲ್ಲಿ ಬರೆದ ಲೇಖನ ಈ ಸತ್ಯವನ್ನೇ ಲೋಕಕ್ಕೆ ಸಾರಿತು: ತನ್ನ ಅಂಕಿ ಅಲ್ಪವಾದರೂ ತಾನು ಕಣದಲ್ಲಿದ್ದಾಗ ತಂಡವೇ ಉತ್ತಮವಾಗುವಂತೆ ಮಾಡುವವರು ಇರುತ್ತಾರೆ.

ಆದರೆ ಜಮೆಯ ಬದಿಯನ್ನಷ್ಟೇ ಬರೆದು ಖರ್ಚಿನ ಬದಿಯನ್ನು ಮುಚ್ಚಿಡುವುದು ಲೆಕ್ಕಿಗನ ಧರ್ಮವಲ್ಲ. ರಾಬಿನ್‌ಸನ್ ರಕ್ಷಣೆಯಲ್ಲಿ ದುರ್ಬಲ. ಎದುರಾಳಿಗಳು ಬೇಕೆಂದೇ ಅವನಿದ್ದ ಕಡೆಗೆ ಆಟವನ್ನು ಎಳೆಯುತ್ತಿದ್ದರು. ಎಸೆತ ಬೀಳದ ದಿನ ಅವನಿಂದ ನಷ್ಟವೇ. ಒಂದೇ ಕಸುಬಿನವನ ಅಪಾಯ ಇದು: ಕಸುಬು ಕೈಕೊಟ್ಟರೆ ಬೇರೆ ಆಸರೆಯಿಲ್ಲ. 32.8 ರ ವರ್ಷದಲ್ಲಿ ಆತ ದುಬಾರಿಯಾಗಿದ್ದನೆಂಬುದನ್ನು ಅಲ್ಲಗಳೆಯಲಾಗದು.

ಬದಲಿ ಯಾರು, ಎಷ್ಟಕ್ಕೆ?

ಬೆಲೆಯೆಂಬುದು ಎಂದೂ ಒಂಟಿಯಾಗಿ ನಿಲ್ಲುವುದಿಲ್ಲ. ಆ ಹಣದಿಂದ ಇನ್ನೇನು ದೊರೆಯುತ್ತಿತ್ತು ಎಂಬುದರೊಡನೆ ತೂಗಬೇಕು. ಅರ್ಥಶಾಸ್ತ್ರದ ಮೊದಲ ಪಾಠ ಇದು. ಟೀಕಾಕಾರರ ಬಳಿ ಇಲ್ಲೊಂದು ಪ್ರಬಲ ಸಾಕ್ಷ್ಯವಿದೆ. 2022 ರಲ್ಲಿ ರಾಬಿನ್‌ಸನ್ ಸ್ಥಾನವನ್ನು ಹಿಡಿದವನು ಮ್ಯಾಕ್ಸ್ ಸ್ಟ್ರೂಸ್. ಅವನೂ ಯಾರೂ ಆರಿಸದೆ ಬಿಟ್ಟವನೇ, ಕನಿಷ್ಠ ವೇತನದ ಆಸುಪಾಸಿನವನು. ಹತ್ತರಲ್ಲೊಂದು ಪಾಲಿಗೆ ಅದೇ ಕೆಲಸ ಮಾಡುವವನು ಮನೆಯಲ್ಲೇ ಇದ್ದಾಗ ಈ ದೊಡ್ಡ ಮೊತ್ತವೇಕೆ ಎಂಬ ಪ್ರಶ್ನೆ ಸಹಜ.

ಉತ್ತರಕ್ಕೆ ಒಂದು ವರ್ಷ ಕಾಯಬೇಕಾಯಿತು, ಅಷ್ಟೆ. 2023 ರಲ್ಲಿ ಆ ಸ್ಟ್ರೂಸನೂ 4 ವರ್ಷಗಳಿಗೆ 6 ಕೋಟಿ ಡಾಲರಿಗೂ ಮಿಕ್ಕಿದ ಕರಾರಿನ ಮೇಲೆ ಕ್ಲೀವ್‌ಲ್ಯಾಂಡಿಗೆ ಹೋದ. ವರ್ಷಕ್ಕೆ 1 ಕೋಟಿ 50 ಲಕ್ಷಕ್ಕೆ ಕಡಿಮೆಯಿಲ್ಲ. ಅಗ್ಗದ ಬದಲಿ ಅಗ್ಗವಾಗಿರುವುದು ಅವನ ಬೆಲೆ ಪೇಟೆಗೆ ತಿಳಿಯುವವರೆಗೆ ಮಾತ್ರ. ಅವನು ಹೊರಟ ಬಳಿಕ ಮಯಾಮಿಗೆ ಆಸರೆಯಾದವನು ಅದೇ ರಾಬಿನ್‌ಸನ್, ಸರಾಸರಿ 12.9 ಅಂಕ, ಎಸೆತ ನೂರಕ್ಕೆ 39.5.

ಇನ್ನೊಂದು ಸೂಕ್ಷ್ಮವೂ ಉಂಟು. ತಂಡವೊಂದು ಸಂಬಳದ ಮಿತಿಯನ್ನು ಮೀರಿದ್ದರೂ ತನ್ನಲ್ಲೇ ಇರುವ ಆಟಗಾರನನ್ನು ಉಳಿಸಿಕೊಳ್ಳಲು ಹೆಚ್ಚು ಕೊಡಬಹುದು. ಬಾಸ್ಟನ್ನಿನ ಖ್ಯಾತ ಆಟಗಾರ ಲ್ಯಾರಿ ಬರ್ಡ್‌ನ ಹೆಸರಿನಿಂದ ಕರೆಯಲ್ಪಡುವ ವಿನಾಯಿತಿ ಇದು. ಆದರೆ ಅವನನ್ನು ಬಿಟ್ಟರೆ ಉಳಿದ ಹಣದಿಂದ ಹೊರಗಿನವನನ್ನು ತರಲು ಸಾಧ್ಯವಾಗದು. ಗೃಹನಿರ್ಮಾಣಕ್ಕೆಂದು ಮಂಜೂರಾದ ಸಾಲದಿಂದ ಮಗಳ ಮದುವೆ ಮಾಡಲಾಗದಂತೆ ಇದು ಉದ್ದೇಶಕ್ಕೆ ಕಟ್ಟಿದ ಹಣ. ‘ಅವನಿಗೆ ಕೊಟ್ಟದ್ದರಲ್ಲಿ ಇಬ್ಬರನ್ನು ತರಬಹುದಿತ್ತು’ ಎಂಬ ಮಾತು ಇಂಥಲ್ಲಿ ನಿಲ್ಲುವುದಿಲ್ಲ. ಮಯಾಮಿಯ ಮುಂದಿದ್ದ ಆಯ್ಕೆ ರಾಬಿನ್‌ಸನ್ ಅಥವಾ ಇನ್ನೊಬ್ಬ ಸಮಾನನಲ್ಲ. ರಾಬಿನ್‌ಸನ್ ಅಥವಾ ಬರಿದಾದ ಸ್ಥಾನ.

ನಿಜವಾಗಿ ಹೆಚ್ಚಾದ ಸಂಬಳ ಹೇಗಿರುತ್ತದೆ?

ಹಾಗಾದರೆ ಅತಿಯಾದ ಸಂಬಳವೇ ಇಲ್ಲವೆ? ಇದೆ. 2014 ರ ಅಕ್ಟೋಬರಿನಲ್ಲಿ ಎನ್‌ಬಿಎ ದೂರದರ್ಶನ ಪ್ರಸಾರಕ್ಕಾಗಿ 9 ವರ್ಷಗಳಿಗೆ 2,400 ಕೋಟಿ ಡಾಲರಿನ ಒಪ್ಪಂದ ಪ್ರಕಟಿಸಿತು. ಆ ಹಣ ಹರಿದುಬಂದ 2016-17 ರಲ್ಲಿ ಸಂಬಳದ ಮಿತಿ 7 ಕೋಟಿಯಿಂದ ಒಮ್ಮೆಲೇ 9 ಕೋಟಿ 41 ಲಕ್ಷಕ್ಕೆ ಹಾರಿತು. ಏರಿಕೆಯನ್ನು ಹಂತಹಂತವಾಗಿ ಹಂಚೋಣವೆಂಬ ಸಲಹೆಯನ್ನು ಆಟಗಾರರ ಸಂಘ ಒಪ್ಪಲಿಲ್ಲ. ಮಿತಿಯ ನೂರಕ್ಕೆ 90 ರಷ್ಟನ್ನಾದರೂ ವೆಚ್ಚಮಾಡಲೇಬೇಕೆಂಬ ನಿಯಮ ಬೇರೆ. ಸಂತೆಯ ದಿನ ಎಲ್ಲರ ಜೇಬೂ ತುಂಬಿದ್ದು, ಸಾಮಾನು ಮಾತ್ರ ಮೊದಲಿನಷ್ಟೇ ಇದ್ದರೆ ಏನಾಗುವುದೋ ಅದೇ ಆಯಿತು.

ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ತಂಡ ತಿಮೊಫಿ ಮೋಜ್‌ಗೋವ್ ಎಂಬ ನೀಳಕಾಯದ ಆಟಗಾರನಿಗೆ 4 ವರ್ಷಕ್ಕೆ 6 ಕೋಟಿ 40 ಲಕ್ಷ ಡಾಲರ್ ಒಪ್ಪಿತು. ಅದಕ್ಕೆ ಕೆಲವೇ ವಾರ ಮೊದಲು ಮುಗಿದಿದ್ದ ಅಂತಿಮ ಸರಣಿಯಲ್ಲಿ ಅವನ ಹಳೆಯ ತಂಡ ಅವನನ್ನು ಕಣಕ್ಕಿಳಿಸಿದ್ದು ಅತ್ಯಲ್ಪ ಕಾಲ. ಮಿತಿಯ ನೂರಕ್ಕೆ 17 ಪಾಲು ಅಂಥವನಿಗೆ! ವರ್ಷ ತುಂಬುವುದರೊಳಗೆ, 2017 ರ ಜೂನಿನಲ್ಲಿ, ಆ ಹೊರೆಯನ್ನು ಬ್ರೂಕ್ಲಿನ್ ತಂಡಕ್ಕೆ ದಾಟಿಸುವಾಗ ಲೇಕರ್ಸ್ ತಂಡ ಡಿ’ಆಂಜೆಲೊ ರಸೆಲ್ ಎಂಬ ತರುಣನನ್ನೂ ಜೊತೆಗೆ ಕೊಟ್ಟಿತು. 2015 ರಲ್ಲಿ ಎರಡನೆಯ ಸ್ಥಾನದಲ್ಲಿ ಆರಿಸಿಕೊಂಡಿದ್ದ ಹುಡುಗ ಆತ. ಅತಿಯಾದ ಸಂಬಳದ ನಿಜವಾದ ಲಕ್ಷಣ ಇದು: ಆ ಕರಾರನ್ನು ಯಾರೂ ಬರಿಗೈಯಲ್ಲಿ ಸ್ವೀಕರಿಸುವುದಿಲ್ಲ, ದಾಟಿಸಬೇಕಾದರೆ ಮೇಲೊಂದು ಬೆಲೆ ತೆರಬೇಕು. ಹಾಗಿದ್ದರೂ ದೋಷ ಮೋಜ್‌ಗೋವನದೆ? ಕೊಡುತ್ತೇನೆಂದು ಬಂದವರಿಗೆ ಬೇಡವೆನ್ನಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೇವೆ? ಬೆಲೆ ತಪ್ಪು; ಮನುಷ್ಯ ತಪ್ಪಿತಸ್ಥನಲ್ಲ.

ದೇಹದ ಅಪಾಯ, ಕಾಲದ ಅಪಾಯ

ಅಲ್ಲಿಯ ಕರಾರುಗಳು ಬಹುತೇಕ ಖಾತರಿಯವು. ಗಾಯಗೊಂಡರೂ ಸಂಬಳ ನಿಲ್ಲುವುದಿಲ್ಲ. 2023 ರ ಜನವರಿಯಲ್ಲಿ ರಾಬಿನ್‌ಸನ್ ಬಲಗೈ ಬೆರಳಿಗೆ ಶಸ್ತ್ರಚಿಕಿತ್ಸೆಯಾಯಿತು. ಎಸೆಯುವುದೇ ಜೀವನವಾದವನಿಗೆ ಬೆರಳು, ಗಾಯಕನಿಗೆ ಕಂಠವಿದ್ದಂತೆ. ಆ ಋತುವಿನಲ್ಲಿ ಆಡಿದ್ದು 42 ಪಂದ್ಯ ಮಾತ್ರ. ಅದೇ ವರ್ಷದ ಕೊನೆಯ ಘಟ್ಟದಲ್ಲಿ ಟೈಲರ್ ಹೀರೊ ಎಂಬ ಸಹ ಆಟಗಾರನ ಕೈಮೂಳೆ ಮುರಿದಾಗ ಮೂಲೆಗೆ ಸರಿದಿದ್ದ ರಾಬಿನ್‌ಸನ್‌ಗೆ ಕರೆ ಬಂದಿತು. ನಾಕೌಟ್ ಹಂತದಲ್ಲಿ ಆತನ ಎಸೆತ ಮತ್ತೆ ನೂರಕ್ಕೆ 44 ದಾಟಿತು. ತನ್ನ ವಿಭಾಗದಲ್ಲಿ ಎಂಟನೆಯದಾಗಿ ಒಳಗೆ ಬಂದಿದ್ದ ತಂಡ ಅಂತಿಮ ಸರಣಿಯವರೆಗೆ ನಡೆಯಿತು. ಆ ಋತುವಿನ ಮಧ್ಯದಲ್ಲಿ ತೀರ್ಪು ಬರೆದವರು ಕೊನೆಯ ಅಧ್ಯಾಯ ಓದಿರಲಿಲ್ಲ.

ನಮ್ಮ ವೃತ್ತಿಯಲ್ಲಿ ಒಂದು ಮಾತಿದೆ: ಸಾಲ ಮಂಜೂರು ಮಾಡುವ ದಿನದ ತಿಳಿವಳಿಕೆಯಿಂದ ಮಂಜೂರಾತಿಯನ್ನು ಅಳೆಯಬೇಕು, ಬಾಕಿ ನಿಂತ ದಿನದ ತಿಳಿವಳಿಕೆಯಿಂದಲ್ಲ. 2021 ರಲ್ಲಿ ತಂಡದ ಕಣ್ಣ ಮುಂದೆ ಎರಡು ವರ್ಷದ ಎಸೆತದ ದಾಖಲೆ, 44.6 ಮತ್ತು 40.8, ಇತ್ತು. ಆ ಆಧಾರದ ಮೇಲೆ ಕೊಟ್ಟ ಬೆಲೆ ಅವಿವೇಕದ್ದಾಗಿರಲಿಲ್ಲ. ಅಂತಿಮವಾಗಿ 2025 ರ ಬೇಸಿಗೆಯಲ್ಲಿ ಐದನೆಯ ವರ್ಷವನ್ನು ಬಿಟ್ಟು ಆತ ಡೆಟ್ರಾಯಿಟ್ ಪಿಸ್ಟನ್ಸ್ ತಂಡಕ್ಕೆ ಹೊಸ ಕರಾರಿನ ಮೇಲೆ ಹೋದ. ಮೂರು ವರ್ಷಕ್ಕೆ ಸುಮಾರು 4 ಕೋಟಿ 80 ಲಕ್ಷ ಡಾಲರ್. ಹೊರಡುವ ಹೊತ್ತಿಗೆ ಮಯಾಮಿಯ ಇತಿಹಾಸದಲ್ಲಿ ಅತಿ ಹೆಚ್ಚು ಮೂರಂಕದ ಎಸೆತ ಹಾಕಿದವನೆಂಬ ದಾಖಲೆ ಆತನದಾಗಿತ್ತು. ಹೊರಗಿನ ಇನ್ನೊಂದು ತಂಡ ಸರಿಸುಮಾರು ಅದೇ ಅಂತಸ್ತಿನ ಬೆಲೆ ಕೊಟ್ಟಿತೆಂಬುದಕ್ಕಿಂತ ಬೇರೆ ಸಾಕ್ಷ್ಯ ಬೇಕೆ?

ನನ್ನ ತೀರ್ಮಾನ

ನಾಲ್ಕು ವರ್ಷಗಳಲ್ಲಿ ರಾಬಿನ್‌ಸನ್ ಪಡೆದದ್ದು 7 ಕೋಟಿ ಡಾಲರ್. ನನ್ನ ಲೆಕ್ಕದಲ್ಲಿ ಮೊದಲ ವರ್ಷ ತುಸು ದುಬಾರಿ, ಎರಡನೆಯದು ಸ್ಪಷ್ಟವಾಗಿ ದುಬಾರಿ, ಮೂರನೆಯದೂ ನಾಲ್ಕನೆಯದೂ ತಕ್ಕ ಬೆಲೆ. ಒಟ್ಟಿನಲ್ಲಿ ತಂಡ ಸ್ವಲ್ಪ ಹೆಚ್ಚು ಕೊಟ್ಟಿತು, ಮುಳುಗುವಷ್ಟು ಕೊಡಲಿಲ್ಲ. ಇದು ತಂಡದ ದೃಷ್ಟಿಯ ಲೆಕ್ಕ. ಮನುಷ್ಯನ ದೃಷ್ಟಿಯಿಂದ ನೋಡಿದರೆ ಇನ್ನೆರಡು ವರ್ಷಗಳನ್ನು ಸೇರಿಸಬೇಕು. 270 ಎಸೆತ ಹಾಕಿ ತಂಡವನ್ನು ಅಂತಿಮ ಸರಣಿಗೆ ಒಯ್ಯಲು ನೆರವಾದ ವರ್ಷ ಆತನಿಗೆ ಸಂದದ್ದು ಅಂದಿನ ಮಿತಿಯ ನೂರಕ್ಕೆ ಒಂದು ಪಾಲಿಗೆ ತುಸು ಮೇಲೆ. ಅಂದು ‘ಈ ಹುಡುಗನಿಗೆ ಕಡಿಮೆ ಕೊಡುತ್ತಿದ್ದಾರೆ’ ಎಂದು ಬೀದಿಯಲ್ಲಿ ಕೂಗಿದವರು ಯಾರೂ ಇಲ್ಲ. ಹೆಚ್ಚಾದಾಗ ಏಳುವ ಧ್ವನಿ ಕಡಿಮೆಯಾದಾಗ ಏಳದಿದ್ದರೆ ಅದು ನ್ಯಾಯದ ಧ್ವನಿಯಲ್ಲ.

2023 ರ ಹೊಸ ಒಪ್ಪಂದದ ಬಳಿಕ ಮಿತಿಯನ್ನು ಬಹಳ ಮೀರಿ ವೆಚ್ಚಮಾಡುವ ತಂಡಗಳ ಮೇಲೆ ಕಠಿಣ ನಿರ್ಬಂಧಗಳು ಬಂದಿವೆ. ನಾಯಕರ ಸಂಬಳಕ್ಕೆ ಕೈಹಚ್ಚುವವರಿಲ್ಲ. ಕನಿಷ್ಠ ವೇತನ ನಿಯಮದಿಂದ ಭದ್ರ. ನಡುವಿನ ಪೋಷಕ ಆಟಗಾರನ ಮೇಲೆಯೇ ಕತ್ತರಿ ಬೀಳುವುದೆಂದು ನನ್ನ ಅಭಿಪ್ರಾಯ. ಮಧ್ಯಮವರ್ಗದ ಪಾಡು ಎಲ್ಲ ಕಡೆಯೂ ಒಂದೇ ಎನ್ನಬೇಕು.

ನಮ್ಮ ಮಕ್ಕಳು ಯಾವನನ್ನಾದರೂ ‘ದಂಡದ ಸಂಬಳದವನು’ ಎಂದಾಗ ತಂದೆತಾಯಿಗಳು ನಾಲ್ಕು ಪ್ರಶ್ನೆ ಕೇಳಲಿ. ಒಟ್ಟು ಮೊತ್ತದಲ್ಲಿ ಅವನ ಪಾಲೆಷ್ಟು? ಅವನು ಮಾಡುವ ಕೆಲಸದಲ್ಲಿ ಲೆಕ್ಕಕ್ಕೆ ಬಾರದ್ದು ಯಾವುದು? ಅವನಿಲ್ಲದಿದ್ದರೆ ಬರುವವನು ಯಾರು, ಎಷ್ಟು ದಿನ, ಎಷ್ಟಕ್ಕೆ? ತೀರ್ಪು ಕೊಡುವಷ್ಟು ಕಾಲ ಕಳೆದಿದೆಯೆ? ಈ ಪ್ರಶ್ನೆಗಳ ಉಪಯೋಗ ಬ್ಯಾಸ್ಕೆಟ್‌ಬಾಲಿಗೆ ಮಾತ್ರವಲ್ಲ. ಕಚೇರಿಯಲ್ಲಿ ಸದ್ದಿಲ್ಲದೆ ಕಡತ ಹೊಂದಿಸುವವರ ಬಗ್ಗೆ, ಅಡುಗೆಮನೆಯಲ್ಲಿ ಸಂಬಳವೇ ಇಲ್ಲದೆ ದುಡಿಯುವವರ ಬಗ್ಗೆ, ನಮ್ಮ ಸಂಘದ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಎತ್ತಿಡುವ ಸದಸ್ಯರ ಬಗ್ಗೆ ಮಾತನಾಡುವ ಮೊದಲೂ ಇವನ್ನು ಕೇಳಿಕೊಳ್ಳಬಹುದು. ಸಂಬಂಧಿಕರ ಮಗನ ವೇತನವನ್ನೂ ನಮ್ಮ ಮಗನ ವೇತನವನ್ನೂ ತಕ್ಕಡಿಗೆ ಹಾಕಿ ಮನೆಯ ನೆಮ್ಮದಿ ಕಳೆದುಕೊಳ್ಳುವ ಮೊದಲಂತೂ ಕೇಳಿಕೊಳ್ಳಲೇಬೇಕು. ಉತ್ತರ ‘ಹೌದು, ಹೆಚ್ಚಾಯಿತು’ ಎಂದೇ ಬಂದರೆ ಧಾರಾಳವಾಗಿ ಹೇಳೋಣ. ಆದರೆ ಹಾಗೆ ಹೇಳುವಾಗ ರುಜು ಹಾಕಿಸಿಕೊಂಡವರ ಹೆಸರನ್ನು ಮೊದಲು ಹೇಳಿ, ರುಜು ಹಾಕಿದವನ ಹೆಸರನ್ನು ಆಮೇಲೆ ಹೇಳೋಣ.